ಹಾಳೆಯ ಮೇಲಿನ ಹಾದಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಣ್ಣು ಮಾಡುವ ಈ ಮೋಸವನ್ನು ತಿದ್ದಲು ಮನುಷ್ಯನು ನಿರ್ಮಿಸಿಕೊಂಡಿರುವ ಸಾಧನಗಳಲ್ಲಿ ಭೂಪಟವು ಮುಖ್ಯವಾದುದು. ಬೆಟ್ಟದ ಬುಡದಲ್ಲಿ ನಿಂತಿರುವಾಗಲೇ ಅದರ ಏರಿಳಿತಗಳನ್ನೂ, ಬೆನ್ನ ಹಿಂದೆ ಅಡಗಿರುವ ಕಣಿವೆಗಳನ್ನೂ, ಹಾದಿಯು ಹಿಡಿಯುವ ತಿರುವುಗಳನ್ನೂ ಅದು ನಮಗೆ ತೋರಿಸಿಕೊಡುತ್ತದೆ. ಆದರೆ ಓದಲು ಬಲ್ಲವನಿಗೆ ಮಾತ್ರ. ಅಕ್ಷರಗಳನ್ನು ಕಲಿಯದವನಿಗೆ ಗ್ರಂಥವು ಹೇಗೆ ಬರಿಯ ಕಾಗದವೋ, ಹಾಗೆಯೇ ಮಾನ, ರೇಖೆ, ದಿಕ್ಕು ಈ ಮೂರನ್ನು ಅರಿಯದವನಿಗೆ ಭೂಪಟವೂ ಬರಿಯ ಕಾಗದವೇ ಸರಿ.

ನೂರಾರು ಕಿಲೋಮೀಟರ್ ಸಾಗುವ ಕಾಲುದಾರಿಗಳು ಇಂದು ಅನೇಕ ದೇಶಗಳಲ್ಲಿವೆ. ಅವುಗಳಲ್ಲಿ ನಡೆಯುವವರು ಚೀಲದಲ್ಲಿ ಒಂದು ಕೈಪಿಡಿಯನ್ನು ಇಟ್ಟುಕೊಂಡಿರುತ್ತಾರೆ. ಅದರ ಪುಟಪುಟದಲ್ಲಿಯೂ ದಾರಿಯ ಒಂದೊಂದು ತುಂಡಿನ ಭೂಪಟವಿರುತ್ತದೆ. ಈ ಪುಟ್ಟ ಭೂಪಟವು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಒಂದು ಪ್ರಸಿದ್ಧ ಕಾಲುದಾರಿಯ ಉದಾಹರಣೆಯಿಂದ ವಿಚಾರ ಮಾಡೋಣ.

ಪೆನೈನ್ ದಾರಿ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ದೇಶದ ಬೆನ್ನೆಲುಬಿನಂತೆ, ಪೆನೈನ್ ಎಂಬ ಬೆಟ್ಟಸಾಲು ಹಬ್ಬಿದೆ. ಡಾರ್ಬಿಶೈರ್ ಪ್ರಾಂತದ ಈಡೇಲ್ ಗ್ರಾಮದಿಂದ ಹೊರಟು, ಈ ಸಾಲಿನ ಉದ್ದಕ್ಕೂ ಸಾಗಿ, ಸ್ಕಾಟ್ಲೆಂಡಿನ ಗಡಿಯನ್ನು ದಾಟಿದೊಡನೆ ಸಿಕ್ಕುವ ಕರ್ಕ್ ಯೆಟಮ್ ಎಂಬ ಹಳ್ಳಿಯಲ್ಲಿ ಮುಗಿಯುವ ಕಾಲುದಾರಿಗೆ ‘ಪೆನೈನ್ ವೇ’ ಎಂದು ಹೆಸರು. ಇದರ ಉದ್ದ 268 ಮೈಲಿ, ಎಂದರೆ ಸುಮಾರು 431 ಕಿಲೋಮೀಟರ್.

ಅಮೆರಿಕದಲ್ಲಿ ಬೆಂಟನ್ ಮೆಕೈ ಎಂಬಾತನು 1921ರಲ್ಲಿ ಸೂಚಿಸಿದ ಅಪಲೇಷಿಯನ್ ಕಾಲುದಾರಿಯ ಸುದ್ದಿಯಿಂದ ಸ್ಫೂರ್ತಿಗೊಂಡು, ಟಾಮ್ ಸ್ಟೀವನ್‌ಸನ್ ಎಂಬ ಪತ್ರಕರ್ತನು 1935ರಲ್ಲಿ ‘ಡೈಲಿ ಹೆರಾಲ್ಡ್’ ಪತ್ರಿಕೆಯಲ್ಲಿ ಇಂತಹುದೊಂದು ದಾರಿ ತನ್ನ ನಾಡಿಗೂ ಬೇಕೆಂದು ಬರೆದನು. ಆಗ ಆ ಬೆಟ್ಟಗಳ ಬಹುಭಾಗವು ಜಮೀನುದಾರರ ಬೇಟೆಯ ನೆಲವಾಗಿತ್ತು. ಸಾಮಾನ್ಯ ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಮಂದಿ ಕಾರ್ಮಿಕ ತರುಣರು ಕಿಂಡರ್ ಸ್ಕೌಟ್ ಎಂಬ ಪ್ರಸ್ಥಭೂಮಿಯನ್ನು ಕಟ್ಟಳೆ ಮೀರಿ ಏರಿದ್ದರು. ಅವರಲ್ಲಿ ಕೆಲವರು ಸೆರೆವಾಸವನ್ನೂ ಅನುಭವಿಸಿದರು. ಮೂವತ್ತಮೂರು ವರ್ಷಗಳ ತರುವಾಯ, ಅದೇ ಏಪ್ರಿಲ್ 24ರಂದು, 1965ರಲ್ಲಿ, ಪೆನೈನ್ ದಾರಿಯು ವಿಧ್ಯುಕ್ತವಾಗಿ ತೆರೆಯಲ್ಪಟ್ಟಿತು.

ಈ ಬೆಟ್ಟಗಳು ಎತ್ತರದಲ್ಲಿ ದೊಡ್ಡವಲ್ಲ. ಕಿಂಡರ್ ಸ್ಕೌಟ್‌ನ ಎತ್ತರ 636 ಮೀಟರ್. ಇಡೀ ಪೆನೈನ್ ಸಾಲಿನಲ್ಲಿ ಅತ್ಯುನ್ನತವಾದ ಕ್ರಾಸ್ ಫೆಲ್ ಶಿಖರವೂ 893 ಮೀಟರ್ ಮಾತ್ರ. ನಮ್ಮ ಮುಳ್ಳಯ್ಯನಗಿರಿ ಇದರ ಎರಡರಷ್ಟಕ್ಕಿಂತ ಎತ್ತರವಾಗಿದೆ. ಆದರೆ ಎತ್ತರವೊಂದೇ ಅಪಾಯದ ಅಳತೆಯಲ್ಲ. ಅಲ್ಲಿ ಮಂಜು ಕವಿದರೆ ಹತ್ತು ಮಾರು ದೂರದ ವಸ್ತು ಕಾಣದು. ಮಳೆ, ಗಾಳಿ, ಚಳಿ ಮೂರೂ ಒಟ್ಟಿಗೆ ಬಂದರೆ ಒದ್ದೆಯಾದ ಮೈಯಿಂದ ಶಾಖವು ಬೇಗನೆ ಸೋರಿಹೋಗುತ್ತದೆ. 1964ರ ಮಾರ್ಚ್ ತಿಂಗಳಲ್ಲಿ, ಇದೇ ಸೀಮೆಯಲ್ಲಿ ನಡೆದ ‘ಫೋರ್ ಇನ್ಸ್’ ಎಂಬ ಕಾಲ್ನಡಿಗೆಯ ಸ್ಪರ್ಧೆಯಲ್ಲಿ ಹವೆಯು ಕೆಟ್ಟು, ಮೂವರು ತರುಣ ಸ್ಕೌಟುಗಳು ಚಳಿಯಿಂದಲೂ ಬಳಲಿಕೆಯಿಂದಲೂ ಪ್ರಾಣ ಬಿಟ್ಟರು. ಆ ದುರಂತದಿಂದ ಪಾಠ ಕಲಿತು ಅಲ್ಲಿಯ ರಕ್ಷಣಾ ತಂಡಗಳು ಅದೇ ವರ್ಷ ಒಂದು ಸಂಘಟನೆಯಾಗಿ ಒಂದುಗೂಡಿದವು. ದಾರಿಯನ್ನೂ ಹೊತ್ತನ್ನೂ ಲೆಕ್ಕ ಹಾಕುವ ವಿದ್ಯೆಯು ವಿನೋದಕ್ಕಾಗಿ ಮಾತ್ರ ಹುಟ್ಟಿದುದಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಪಟ್ಟಿಯಾಕಾರದ ಭೂಪಟ

ಗೋಡೆಗೆ ತೂಗುಹಾಕುವ ಭೂಪಟವು ಒಂದು ಪ್ರದೇಶವನ್ನು ಚಿತ್ರಿಸಿದರೆ, ಕೈಪಿಡಿಯ ಭೂಪಟವು ಒಂದು ದಾರಿಯನ್ನು ಚಿತ್ರಿಸುತ್ತದೆ. ದಾರಿಯ ಎರಡೂ ಮಗ್ಗುಲಿನ ಸ್ವಲ್ಪ ನೆಲವನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಕತ್ತರಿಸಿ ಬಿಟ್ಟಂತಹ ಪಟ್ಟಿಯದು. ಈ ಯೋಜನೆ ಹಳೆಯದು. 1675ರಲ್ಲಿ ಜಾನ್ ಒಗಿಲ್ಬಿ ಎಂಬಾತನು ‘ಬ್ರಿಟಾನಿಯಾ’ ಎಂಬ ಗ್ರಂಥದ ನೂರು ಫಲಕಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ಹೆದ್ದಾರಿಗಳನ್ನು ಹೀಗೆಯೇ ಪಟ್ಟಿಗಳಾಗಿ ಮುದ್ರಿಸಿದನು. ಗಾಲಿಯೊಂದನ್ನು ದಾರಿಯುದ್ದಕ್ಕೂ ಉರುಳಿಸಿ ದೂರವನ್ನು ಅಳೆದು, ಮೈಲಿಗೆ ಒಂದು ಅಂಗುಲದಂತೆ ಚಿತ್ರ ಬರೆಯಿಸಿದನು. ಏರಬೇಕಾದ ಗುಡ್ಡವನ್ನು ನೆಟ್ಟಗೆಯೂ, ಇಳಿಯಬೇಕಾದ ಗುಡ್ಡವನ್ನು ತಲೆಕೆಳಗಾಗಿಯೂ ತೋರಿಸಿದ್ದುದು ಅವನ ಜಾಣತನ. ಪ್ರತಿಯೊಂದು ಪಟ್ಟಿಯಲ್ಲಿಯೂ ಅವನು ದಿಕ್ಸೂಚಿಯ ಚಿತ್ರವೊಂದನ್ನು ಇಟ್ಟನು. ಏಕೆಂದರೆ, ದಾರಿಯು ತಿರುಗಿದಂತೆಲ್ಲ ಪಟ್ಟಿಯನ್ನು ನೆಟ್ಟಗಿರಿಸಬೇಕಾದರೆ ಉತ್ತರ ದಿಕ್ಕು ಪುಟದಲ್ಲಿ ಸರಿದಾಡಲೇಬೇಕು.

ಪೆನೈನ್ ದಾರಿಗೆ ಹೆಸರಾಂತ ಕೈಪಿಡಿಯೊಂದನ್ನು ರಚಿಸಿದವನು ಆಲ್ಫ್ರೆಡ್ ವೇನ್‌ರೈಟ್. ಕೆಂಡಲ್ ಪಟ್ಟಣದ ಪುರಸಭೆಯಲ್ಲಿ ಖಜಾಂಚಿಯಾಗಿದ್ದ ಈತನು ಬಿಡುವಿನ ವೇಳೆಯಲ್ಲಿ ಬೆಟ್ಟಗಳನ್ನು ಅಲೆದು, ಬರಹವನ್ನೂ ಚಿತ್ರವನ್ನೂ ತನ್ನ ಕೈಯಿಂದಲೇ ಬರೆದು, ಆ ಹಸ್ತಲಿಪಿಯನ್ನೇ ಅಚ್ಚು ಹಾಕಿಸುತ್ತಿದ್ದನು. 1968ರಲ್ಲಿ ಹೊರಬಂದ ಅವನ ಪೆನೈನ್ ಕೈಪಿಡಿಯಲ್ಲಿ ಒಂದು ವಿಚಿತ್ರವುಂಟು: ಅದನ್ನು ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಓದಬೇಕು! ಇದು ತಮಾಷೆಯಲ್ಲ. ದಾರಿಯು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಭೂಪಟದಲ್ಲಿ ಉತ್ತರವು ಮೇಲುಗಡೆ ಇರುತ್ತದೆ. ಆದುದರಿಂದ ನಡೆಯುವವನ ಕಣ್ಣು ಪುಟದ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಪುಟಗಳೂ ಹಿಂದಿನಿಂದ ಮುಂದಕ್ಕೆ ಬಂದರೆ ಆ ಏರಿಕೆಯು ಎಲ್ಲಿಯೂ ಮುರಿಯುವುದಿಲ್ಲ.

ಆದರೆ ದಾರಿಯು ಯಾವಾಗಲೂ ಉತ್ತರಕ್ಕೇ ಹೋಗುತ್ತದೆಂದು ಭಾವಿಸಬಾರದು. ಮಿಡ್ಲ್‌ಟನ್ ಎಂಬ ಊರಿನಿಂದ ಡಫ್ಟನ್ ಎಂಬ ಹಳ್ಳಿಯವರೆಗಿನ ಸುಮಾರು 32 ಕಿಲೋಮೀಟರುಗಳಲ್ಲಿ ಅದು ಒಟ್ಟಿನಲ್ಲಿ ಪಶ್ಚಿಮಕ್ಕೆ ಸಾಗುತ್ತದೆ. ದಿನವೆಲ್ಲ ನಡೆದರೂ ಪಯಣಿಗನು ತನ್ನ ಗುರಿಗೆ ಹತ್ತಿರವಾಗುವುದಿಲ್ಲ. ಇಂತಹ ಕಡೆಗಳಲ್ಲಿ ಕೈಪಿಡಿಯು ಪಟ್ಟಿಯನ್ನು ಹೊರಳಿಸಿ ಮುದ್ರಿಸಿರಬಹುದು. ಆದುದರಿಂದ ಪುಟವನ್ನು ತೆರೆದೊಡನೆ ಮೊದಲು ನೋಡಬೇಕಾದದ್ದು ಉತ್ತರವನ್ನು ತೋರಿಸುವ ಬಾಣದ ಗುರುತನ್ನು. ಹಾದಿಯನ್ನು ನೋಡುವುದು ಅದಾದ ಮೇಲೆ.

ಪಟ್ಟಿಗೆ ಇನ್ನೂ ದೊಡ್ಡ ಕೊರತೆಯೊಂದಿದೆ. ಭೂಪಟದ ಮಾನವು 1:25,000 ಎಂದಿಟ್ಟುಕೊಳ್ಳೋಣ. ಎಂದರೆ ಕಾಗದದ ಮೇಲಿನ 4 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಜೇಬಿಗೆ ಹಿಡಿಸುವ ಪುಸ್ತಕದ ಪುಟದ ಅಗಲ ಸುಮಾರು 10 ಸೆಂಟಿಮೀಟರ್. ಅದು ಎರಡೂವರೆ ಕಿಲೋಮೀಟರ್ ನೆಲಕ್ಕೆ ಸಮ. ದಾರಿಯು ಪುಟದ ನಡುವಿನಲ್ಲಿದ್ದರೆ ಅದರ ಪ್ರತಿಯೊಂದು ಮಗ್ಗುಲಿಗೂ ಉಳಿಯುವುದು 1.25 ಕಿಲೋಮೀಟರ್. ಗಂಟೆಗೆ 4 ಕಿಲೋಮೀಟರ್ ವೇಗದಿಂದ ಅಡ್ಡದಾರಿ ಹಿಡಿದವನು ಹತ್ತೊಂಬತ್ತು ನಿಮಿಷಗಳಲ್ಲಿ ಕಾಗದದಿಂದಲೇ ಹೊರಗೆ ಬಿದ್ದುಹೋಗುತ್ತಾನೆ! ದಾರಿ ತಪ್ಪದವನಿಗೆ ಪಟ್ಟಿಯ ಭೂಪಟವು ಅತ್ಯುತ್ತಮವಾದ ಸಂಗಾತಿ. ತಪ್ಪಿದವನಿಗೆ ಅದು ಏನನ್ನೂ ಹೇಳಲಾರದು. ಅನುಭವಸ್ಥರು ಕೈಪಿಡಿಯ ಜೊತೆಗೆ ಆ ಸೀಮೆಯ ಪೂರ್ಣ ಭೂಪಟವನ್ನೂ ಹೊತ್ತೊಯ್ಯುವುದರ ಮರ್ಮವಿದೇ.

ದೂರವೆಂದರೆ ಯಾವ ದೂರ?

ಭೂಪಟದ ಮೇಲೆ ಅಳೆದ ದೂರವು ಸಮತಲದ ದೂರ. ಇಳಿಜಾರಿನಲ್ಲಿ ನಡೆದಾಗ ನಿಜವಾದ ದೂರ ಹೆಚ್ಚಬೇಕಲ್ಲವೆ? ಹೌದು; ಆದರೆ ಎಷ್ಟು ಹೆಚ್ಚುತ್ತದೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. 10 ಡಿಗ್ರಿ ಇಳಿಜಾರಿನಲ್ಲಿ ಹೆಚ್ಚುವುದು ನೂರಕ್ಕೆ ಒಂದೂವರೆ ಪಾಲು ಮಾತ್ರ. ಲೆಕ್ಕವನ್ನು ಕೆಡಿಸುವುದು ಇಳಿಜಾರಲ್ಲ, ಡೊಂಕು. 1:25,000 ಮಾನದಲ್ಲಿ ಒಂದು ಮಿಲಿಮೀಟರ್ ಎಂದರೆ 25 ಮೀಟರ್. ಬಂಡೆಯನ್ನು ಬಳಸಿ, ಕೆಸರನ್ನು ತಪ್ಪಿಸಿ, ಹಳ್ಳದ ದಡ ಹಿಡಿದು ಹೋಗುವ ಹತ್ತಿಪ್ಪತ್ತು ಮೀಟರಿನ ತಿರುವುಗಳು ಆ ಗೆರೆಯ ದಪ್ಪದಲ್ಲಿಯೇ ಅಡಗಿಬಿಡುತ್ತವೆ. ಬ್ರಿಟನ್ನಿನ ಭೌತವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ದೇಶಗಳ ಗಡಿಗಳನ್ನೂ ಕರಾವಳಿಗಳನ್ನೂ ಅಳೆಯುವಾಗ, ಅಳತೆಗೋಲು ಕಿರಿದಾದಂತೆ ಉದ್ದವು ಬೆಳೆಯುತ್ತ ಹೋಗುವುದನ್ನು ಕಂಡನು; ಈ ಫಲಿತಾಂಶ ಅವನು ತೀರಿಕೊಂಡ ಮೇಲೆ 1961ರಲ್ಲಿ ಪ್ರಕಟವಾಯಿತು. ಕಾಲುದಾರಿಗೂ ಇದೇ ನ್ಯಾಯ ಸಲ್ಲುತ್ತದೆ. ಕಾಗದದ ಮೇಲೆ ದಾರದಿಂದ ಅಳೆದ ದೂರಕ್ಕಿಂತ ಕಾಲಿನಿಂದ ಅಳೆದ ದೂರ ಯಾವಾಗಲೂ ಹೆಚ್ಚು.

ಸಮೋನ್ನತಿ ರೇಖೆಗಳು

ಚಪ್ಪಟೆಯಾದ ಹಾಳೆಯ ಮೇಲೆ ಎತ್ತರವನ್ನು ತೋರಿಸುವುದು ಹೇಗೆ? ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಒಂದು ಗೆರೆಯಿಂದ ಜೋಡಿಸಿದರೆ ಅದು ಸಮೋನ್ನತಿ ರೇಖೆ. ಈ ಗೆರೆಗಳ ಇತಿಹಾಸದಲ್ಲಿ ಭೌತವಿಜ್ಞಾನಕ್ಕೂ ಒಂದು ಸ್ಥಾನವಿದೆ. 1774ರಲ್ಲಿ ನೆವಿಲ್ ಮ್ಯಾಸ್ಕಲಿನ್ ಎಂಬ ಖಗೋಳಜ್ಞನು ಸ್ಕಾಟ್ಲೆಂಡಿನ ಶೀಹಾಲಿಯನ್ ಪರ್ವತದ ಬಳಿ ತೂಗುಗುಂಡನ್ನು ತೂಗಬಿಟ್ಟು, ಪರ್ವತದ ಆಕರ್ಷಣೆಯಿಂದ ಅದು ಎಷ್ಟು ವಾಲುತ್ತದೆಂಬುದನ್ನು ಅಳೆದನು. ಅದರಿಂದ ಭೂಮಿಯ ಸಾಂದ್ರತೆಯನ್ನು ಕಂಡುಹಿಡಿಯಬೇಕಾದರೆ ಪರ್ವತದ ಗಾತ್ರ ತಿಳಿಯಬೇಕಲ್ಲವೆ? ಆ ಲೆಕ್ಕವನ್ನು ವಹಿಸಿಕೊಂಡ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ಸಮಾನ ಎತ್ತರದ ಬಿಂದುಗಳನ್ನು ಗೆರೆಗಳಿಂದ ಕೂಡಿಸಿದೊಡನೆ ಪರ್ವತದ ಆಕಾರವು ಸ್ಪಷ್ಟವಾಗಿ ಮೂಡಿತು. ಭೂಮಿಯನ್ನು ತೂಗಲು ನೆರವಾದ ಗೆರೆಗಳೇ ಇಂದು ಪಾದಚಾರಿಯ ಕೈಯಲ್ಲಿವೆ.

ಅವುಗಳನ್ನು ಓದುವ ಕ್ರಮ ಸುಲಭ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:25,000 ಹಾಳೆಗಳಲ್ಲಿ ಬೆಟ್ಟದ ಸೀಮೆಗಳಿಗೆ 10 ಮೀಟರಿಗೊಂದು ಗೆರೆಯಿರುತ್ತದೆ. ಎರಡು ಗೆರೆಗಳ ನಡುವಿನ ಅಂತರವು 4 ಮಿಲಿಮೀಟರ್ ಇದ್ದರೆ, 100 ಮೀಟರ್ ನಡೆದಾಗ 10 ಮೀಟರ್ ಏರುತ್ತೇವೆ. ಇದು ಸುಮಾರು ಆರು ಡಿಗ್ರಿಗಳ ಸುಗಮವಾದ ಏರು. ಅಂತರವು 1 ಮಿಲಿಮೀಟರ್ ಆದರೆ 25 ಮೀಟರಿಗೆ 10 ಮೀಟರ್. ಇದು 22 ಡಿಗ್ರಿಗಳ ಏರು, ತೊಡೆ ಸೋಲುವಂತಹದು. ಗೆರೆಗಳು ಒಂದನ್ನೊಂದು ಮುಟ್ಟುವಂತಿದ್ದರೆ ಅದು ಕಡಿದಾದ ಬಂಡೆ. ಅಲ್ಲಿ ದಾರಿಯನ್ನು ಹುಡುಕಬಾರದು. ಗೆರೆಗಳು ಎತ್ತರದ ಕಡೆಗೆ ಮೊನೆ ಮಾಡಿ ಬಾಗಿದ್ದರೆ ಅದು ಹಳ್ಳ; ತಗ್ಗಿನ ಕಡೆಗೆ ಬಾಗಿದ್ದರೆ ಅದು ಬೆಟ್ಟದ ಏಣು.

ಆದರೆ ಈ ಗೆರೆಗಳ ಜಾಲದಲ್ಲಿಯೂ ಕಣ್ಣು ತಪ್ಪಿಸಿಕೊಳ್ಳುವ ಸಂಗತಿಗಳುಂಟು. ಕಿಂಡರ್ ಸ್ಕೌಟ್‌ನ ನೆತ್ತಿಯ ಮೇಲೆ ಗೆರೆಗಳು ವಿರಳವಾಗಿವೆ. ಇದನ್ನು ನೋಡಿದವನು ಅಲ್ಲಿ ಮೈದಾನದಂತಹ ನೆಲವಿದೆಯೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದು ಪೀಟ್ ಎಂಬ, ಕೊಳೆತ ಸಸ್ಯಗಳಿಂದಾದ ಕಪ್ಪು ಮಣ್ಣಿನ ಹಾಸು; ನೀರು ಕೊರೆದ ಕಂದಕಗಳು ಅದರ ತುಂಬ ಅಡ್ಡಾದಿಡ್ಡಿಯಾಗಿ ಹರಡಿವೆ. ಒಂದೊಂದೂ ಆಳುದ್ದ, ಎರಡಾಳುದ್ದ. ಗೆರೆಗಳ ನಡುವಿನ ಎತ್ತರವು 10 ಮೀಟರ್ ಆಗಿರುವಾಗ 3 ಮೀಟರ್ ಆಳದ ಕಂದಕವು ಒಂದು ಗೆರೆಯನ್ನೂ ಬಾಗಿಸದೆ ಪಾರಾಗಿಬಿಡಬಹುದು! ದೊಡ್ಡ ಕಣ್ಣಿನ ಬಲೆಯಿಂದ ಸಣ್ಣ ಮೀನು ನುಸುಳುವಂತೆ ಇದು. ಇಲ್ಲಿಯೇ ಕೈಪಿಡಿಯ ಬರಹವು ಭೂಪಟದ ನೆರವಿಗೆ ಬರುತ್ತದೆ. ‘ಇಲ್ಲಿ ಕೆಸರು’, ‘ಇಲ್ಲಿ ಗೋಡೆ ದಾಟುವ ಮೆಟ್ಟಿಲು’ ಎಂಬ ಸಣ್ಣ ಸೂಚನೆಗಳು ಅಲ್ಲಿ ನಡೆದುಬಂದವನ ಕಾಲಿನ ಸಾಕ್ಷ್ಯ. ಆದರೆ ಆ ಸಾಕ್ಷ್ಯಕ್ಕೂ ಕಾಲದ ಮಿತಿಯಿದೆ. ವೇನ್‌ರೈಟನ ಕಾಲದಲ್ಲಿ ನಡೆಯುವವರನ್ನು ಮೊಣಕಾಲಿನವರೆಗೆ ಹೂಳುತ್ತಿದ್ದ ಹಲವು ಪೀಟ್ ಬಯಲುಗಳ ಮೇಲೆ ತರುವಾಯ ಹಳೆಯ ಗಿರಣಿಗಳ ನೆಲದಿಂದ ತಂದ ಕಲ್ಲುಚಪ್ಪಡಿಗಳನ್ನು ಹಾಸಲಾಗಿದೆ. ಈಡೇಲಿನಿಂದ ಹೊರಡುವ ದಾರಿಯನ್ನೂ ಮೊದಲಿನ ಜಾಡಿನಿಂದ ಸರಿಸಿ, ಜೇಕಬ್ಸ್ ಲ್ಯಾಡರ್ ಎಂಬ ಏರಿನ ಮೂಲಕ ತಿರುಗಿಸಲಾಗಿದೆ. ಆದುದರಿಂದ ಕೈಪಿಡಿಯನ್ನು ಕೊಳ್ಳುವವನು ಅದರ ಮುದ್ರಣದ ವರ್ಷವನ್ನು ನೋಡತಕ್ಕದ್ದು.

ಮೂರು ಉತ್ತರಗಳು

ಉತ್ತರ ದಿಕ್ಕು ಒಂದೇ ಎಂದು ನಾವು ಬಾಲ್ಯದಿಂದ ಕಲಿತಿದ್ದೇವೆ. ಭೂಪಟವನ್ನು ಓದುವವನಿಗೆ ಮಾತ್ರ ಉತ್ತರಗಳು ಮೂರು. ಭೂಮಿಯ ಅಕ್ಷದ ತುದಿಯ ಕಡೆಗಿರುವುದು ನಿಜವಾದ ಉತ್ತರ. ಭೂಪಟದ ಮೇಲೆ ಚೌಕಚೌಕವಾಗಿ ಎಳೆದ ಗೆರೆಗಳು ತೋರಿಸುವುದು ಚೌಕಜಾಲದ ಉತ್ತರ. ಗುಂಡಗಿನ ಭೂಮಿಯನ್ನು ಚಪ್ಪಟೆಯಾದ ಹಾಳೆಗೆ ಇಳಿಸಿದುದರಿಂದ ಇದು ನಿಜವಾದ ಉತ್ತರಕ್ಕಿಂತ ಸ್ವಲ್ಪ ಓರೆಯಾಗುತ್ತದೆ. ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರ. ಮುಳ್ಳಿಗೂ ನಿಜವಾದ ಉತ್ತರಕ್ಕೂ ನಡುವಿನ ಕೋನವನ್ನು ಕಾಂತೀಯ ದಿಕ್ಪಾತವೆನ್ನುತ್ತಾರೆ.

ಈ ಕೋನವು ಸ್ಥಿರವಲ್ಲ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಮೊದಲಾಗುವ ಭೂಮಿಯ ಹೊರತಿರುಳಿನಲ್ಲಿ ಕರಗಿದ ಕಬ್ಬಿಣವು ಹರಿದಾಡುತ್ತಿದೆ. ಭೂಮಿಯ ಕಾಂತಕ್ಷೇತ್ರಕ್ಕೆ ಆ ಹರಿವೇ ಮೂಲ. ಹರಿವು ಬದಲಾದಂತೆ ಮುಳ್ಳಿನ ದಿಕ್ಕೂ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ದಿಕ್ಸೂಚಿಯು ಉತ್ತರದಿಂದ ಸುಮಾರು 24 ಡಿಗ್ರಿ ಪಶ್ಚಿಮಕ್ಕೆ ತಿರುಗಿತ್ತು. ಪೆನೈನ್ ದಾರಿಯು ತೆರೆದ ಕಾಲಕ್ಕೆ ಆ ಬೆಟ್ಟಗಳಲ್ಲಿ ಅದು ಎಂಟೊಂಬತ್ತು ಡಿಗ್ರಿಗೆ ಇಳಿದಿತ್ತು. 2022ರ ನವೆಂಬರಿನಲ್ಲಿ ಒಂದು ಅಪೂರ್ವ ಯೋಗ ಒದಗಿತು: ಇಂಗ್ಲೆಂಡಿನ ದಕ್ಷಿಣ ತೀರದ ಲ್ಯಾಂಗ್‌ಟನ್ ಮ್ಯಾಟ್ರವರ್ಸ್ ಎಂಬ ಹಳ್ಳಿಯ ಬಳಿ ಮೂರು ಉತ್ತರಗಳೂ ಒಂದೇ ಗೆರೆಯಲ್ಲಿ ಕೂಡಿದವು. ಆ ಬಳಿಕ ಈ ಸಂಗಮಬಿಂದುವು 2 ಡಿಗ್ರಿ ಪಶ್ಚಿಮ ರೇಖಾಂಶದ ಮೇಲೆ ಉತ್ತರಾಭಿಮುಖವಾಗಿ ಸರಿಯತೊಡಗಿತು. ಪೆನೈನ್ ದಾರಿಯು ಆ ರೇಖಾಂಶದಿಂದ ಹೆಚ್ಚು ದೂರವಿಲ್ಲದೆ ಸಾಗುವುದರಿಂದ, ಈ ವರ್ಷಗಳಲ್ಲಿ ಅಲ್ಲಿ ನಡೆಯುವವನಿಗೆ ತಿದ್ದುಪಡಿಯ ತೊಂದರೆ ಬಹುಮಟ್ಟಿಗೆ ತಪ್ಪಿದೆ.

ಆದರೆ ಅರುವತ್ತು ವರ್ಷಗಳ ಹಿಂದಿನ ತಿದ್ದುಪಡಿಯನ್ನು ಈಗಲೂ ಅನುಸರಿಸಿದರೆ ಏನಾಗುತ್ತದೆ? ಒಂದು ಡಿಗ್ರಿಯ ತಪ್ಪು ಒಂದು ಕಿಲೋಮೀಟರ್ ನಡೆದಾಗ ಸುಮಾರು 17 ಮೀಟರಿನ ತಪ್ಪಾಗುತ್ತದೆ. ಒಂಬತ್ತು ಡಿಗ್ರಿಯ ತಪ್ಪು 2 ಕಿಲೋಮೀಟರ್ ದೂರದಲ್ಲಿ 300 ಮೀಟರನ್ನು ಮೀರುತ್ತದೆ. ಬಿಸಿಲಿನಲ್ಲಿ ಅದು ಅಲ್ಪ; ಮಂಜಿನಲ್ಲಿ ಅದು ಸೇತುವೆಗೂ ಪ್ರಪಾತಕ್ಕೂ ಇರುವ ಅಂತರವಾಗಬಹುದು.

ಮಂಜಿನಲ್ಲಿ ಮಾಡತಕ್ಕದ್ದು

ಭೂಪಟವನ್ನು ಮೊದಲು ನೆಲಕ್ಕೆ ಹೊಂದಿಸಬೇಕು; ಅದರ ಉತ್ತರವು ದಿಕ್ಸೂಚಿಯ ಉತ್ತರಕ್ಕೆ ಸರಿಯಾಗುವಂತೆ ತಿರುಗಿಸಿ ಹಿಡಿದರೆ, ಎಡದಲ್ಲಿರುವ ಬೆಟ್ಟವು ಹಾಳೆಯಲ್ಲಿಯೂ ಎಡದಲ್ಲಿಯೇ ಬರುತ್ತದೆ. ಆಗ ಕಬ್ಬಿಣದ ವಸ್ತುಗಳನ್ನೂ, ಅಯಸ್ಕಾಂತವಿರುವ ಮೊಬೈಲ್ ಫೋನನ್ನೂ ದಿಕ್ಸೂಚಿಯಿಂದ ದೂರವಿಡಬೇಕು. ತೊರೆ, ಗೋಡೆ, ಬೇಲಿ ಮೊದಲಾದ ಉದ್ದನೆಯ ಗುರುತುಗಳನ್ನು ಮೆಟ್ಟಿಲಿನ ಕೈಹಿಡಿಯಂತೆ ಆಶ್ರಯಿಸಿ ನಡೆಯುವುದು ಕ್ಷೇಮ.

ಇನ್ನೊಂದು ಉಪಾಯ ಬಹಳ ಸ್ವಾರಸ್ಯವಾದುದು. ಒಂದೂವರೆ ಕಿಲೋಮೀಟರ್ ಆಚೆ ಅಡ್ಡಲಾಗಿ ತೊರೆಯೊಂದಿದೆ, ಅದಕ್ಕೊಂದು ಸೇತುವೆಯಿದೆ ಎನ್ನೋಣ. ಸೇತುವೆಗೆ ನೇರವಾಗಿ ಗುರಿಯಿಟ್ಟು ನಡೆದರೂ ನಾಲ್ಕು ಡಿಗ್ರಿಯ ತಪ್ಪು ಸಹಜ. ತೊರೆಯನ್ನು ಮುಟ್ಟಿದಾಗ ಸೇತುವೆಯು ನೂರು ಮೀಟರ್ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಬದಲಾಗಿ, ಬೇಕೆಂದೇ ಎಂಟು ಡಿಗ್ರಿ ಎಡಕ್ಕೆ ಗುರಿಯಿಟ್ಟರೆ, ತಪ್ಪು ಯಾವ ಕಡೆಗಾದರೂ ನಾವು ಸೇತುವೆಯ ಎಡಗಡೆಗೇ ಬಂದಿರುತ್ತೇವೆ; ಬಲಕ್ಕೆ ತಿರುಗಿದರೆ ಸೇತುವೆ ಸಿಕ್ಕಿಯೇ ಸಿಕ್ಕುತ್ತದೆ. ಅಳತೆಯ ದೋಷವನ್ನು ನಿವಾರಿಸಲಾಗದಿದ್ದರೂ ಅದರ ದಿಕ್ಕನ್ನು ನಮ್ಮ ಅಂಕೆಯಲ್ಲಿಟ್ಟುಕೊಳ್ಳಬಹುದೆಂಬ ಈ ತತ್ತ್ವವು ಪ್ರಯೋಗಶಾಲೆಯಲ್ಲಿಯೂ ಉಪಯುಕ್ತವಾದುದು.

ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ, ಏರಿದ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಮೆಟ್ರಿಕ್ ಮಾನದಲ್ಲಿ ಇದು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ ಎಂದಾಗುತ್ತದೆ. ಎಂದರೆ, ಕಾಲದ ದೃಷ್ಟಿಯಿಂದ ಒಂದು ಮೀಟರ್ ಏರುವುದು ಸುಮಾರು ಎಂಟು ಮೀಟರ್ ನಡೆಯುವುದಕ್ಕೆ ಸಮ.

ಡಫ್ಟನ್ ಹಳ್ಳಿಯಿಂದ ಕ್ರಾಸ್ ಫೆಲ್ ಶಿಖರವನ್ನು ದಾಟಿ ಗ್ಯಾರಿಗಿಲ್ ಎಂಬ ಹಳ್ಳಿಗೆ ಸುಮಾರು 25 ಕಿಲೋಮೀಟರ್. ಡಫ್ಟನ್ ಸುಮಾರು 180 ಮೀಟರ್ ಎತ್ತರದಲ್ಲಿದೆ. ಶಿಖರವು 893 ಮೀಟರ್. ನಡುವಿನ ಇಳಿತಗಳನ್ನು ಬಿಟ್ಟರೂ ಏರು 700 ಮೀಟರಿಗೆ ಕಡಿಮೆಯಿಲ್ಲ. ನಡಿಗೆಗೆ ಐದು ಗಂಟೆ, ಏರಿಗೆ ಒಂದು ಗಂಟೆ ಹತ್ತು ನಿಮಿಷ. ವಿಶ್ರಾಂತಿಯೂ ಊಟವೂ ಇದರ ಹೊರಗೆ. ಡಿಸೆಂಬರ್ ಕೊನೆಯಲ್ಲಿ ಆ ಅಕ್ಷಾಂಶದ ಹಗಲು ಏಳು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಜೂನಿನಲ್ಲಿ ಸುಖವಾಗಿ ಮುಗಿಯುವ ದಾರಿಯು ಚಳಿಗಾಲದಲ್ಲಿ ಕತ್ತಲೆಯ ಅಂಚಿಗೆ ಬಂದು ನಿಲ್ಲುತ್ತದೆ. ಮೇಲಾಗಿ, ಈ ಸೂತ್ರವು ಗಟ್ಟಿಮುಟ್ಟಾದವನಿಗೆ, ಒಳ್ಳೆಯ ಹವೆಯಲ್ಲಿ. ಎದುರುಗಾಳಿ, ಹಿಮ, ಬೆನ್ನ ಮೇಲಿನ ಹೊರೆ ಇವು ಕೂಡಿದರೆ ಲೆಕ್ಕವನ್ನು ಹಿಗ್ಗಿಸಬೇಕು. ಮನೆಯ ಮೇಜಿನ ಮುಂದೆ ಕುಳಿತು ಐದು ನಿಮಿಷಗಳಲ್ಲಿ ಮಾಡಬಹುದಾದ ಈ ಗುಣಾಕಾರ ಭಾಗಾಕಾರಗಳು ಒಂದು ಜೀವವನ್ನು ಉಳಿಸಬಲ್ಲವು.

ಉಪಗ್ರಹಗಳ ಕಾಲದಲ್ಲಿ

ಇಂದು ಅಂಗೈಯಗಲದ ಫೋನು ಉಪಗ್ರಹಗಳ ಸಂಕೇತಗಳಿಂದ ನಮ್ಮ ಸ್ಥಾನವನ್ನು ಕೆಲವೇ ಮೀಟರುಗಳ ಮಟ್ಟಿಗೆ ತೋರಿಸುತ್ತದೆ. ಹೀಗಿರುವಾಗ ಹಾಳೆಯ ಭೂಪಟವೇಕೆ ಎಂದು ಕೇಳಬಹುದು. ಫೋನಿನ ಜೀವವು ಅದರ ಬ್ಯಾಟರಿಯಲ್ಲಿದೆ. ಚಳಿ ಹೆಚ್ಚಿದಂತೆ ಬ್ಯಾಟರಿಯೊಳಗಣ ರಾಸಾಯನಿಕ ಕ್ರಿಯೆಗಳು ನಿಧಾನವಾಗಿ, ಅದು ಬೇಗನೆ ಸೊರಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಪರದೆಯ ಮೇಲಿನ ಚುಕ್ಕೆಯು ನಾವು ಎಲ್ಲಿರುವೆವೆಂದು ಹೇಳುತ್ತದೆ. ಮುಂದಿರುವ ನೆಲದ ಸ್ವರೂಪವನ್ನು ಗೆರೆಗಳಿಂದ ಗ್ರಹಿಸುವ ಕೆಲಸ ನಮ್ಮದೇ ಆಗಿ ಉಳಿಯುತ್ತದೆ. ಎರಡೂ ಇರಲಿ, ಒಂದು ಇನ್ನೊಂದನ್ನು ಪರೀಕ್ಷಿಸಲಿ.

ಈ ವಿದ್ಯೆಯನ್ನು ಕಲಿಯಲು ನಮ್ಮ ವಿದ್ಯಾರ್ಥಿಗಳು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಪೆನೈನ್ ದಾರಿಯು ಹಾದುಹೋಗುವ ಯಾರ್ಕ್‌ಶೈರ್ ಪ್ರಾಂತದಲ್ಲಿಯೇ ಹುಟ್ಟಿದ ವಿಲಿಯಂ ಲ್ಯಾಂಬ್‌ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ನಮ್ಮ ನಾಡಿನ ಮೋಜಣಿಗೆ ತೊಡಗಿದನು. ಇಂದು ಸರ್ವೆ ಆಫ್ ಇಂಡಿಯಾ ಪ್ರಕಟಿಸುವ 1:50,000 ಮಾನದ ಹಾಳೆಗಳಲ್ಲಿ 20 ಮೀಟರಿಗೊಂದು ಸಮೋನ್ನತಿ ರೇಖೆಯನ್ನು ಕಾಣಬಹುದು. ನಿಮ್ಮ ಊರಿನ ಹಾಳೆಯನ್ನು ತೆಗೆದುಕೊಂಡು ಪರಿಚಿತವಾದ ಗುಡ್ಡವೊಂದನ್ನು ಗೆರೆಗಳಲ್ಲಿ ಗುರುತಿಸಿರಿ. ಅದರ ಇಳಿಜಾರನ್ನು ಲೆಕ್ಕ ಹಾಕಿರಿ. ಅನಂತರ ಹತ್ತಿ ನೋಡಿರಿ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಏರು 1,500 ಮೀಟರಿಗೂ ಹೆಚ್ಚು. ನೈಸ್ಮಿತನ ಸೂತ್ರದಂತೆ ಆ ಏರೊಂದಕ್ಕೇ ಎರಡೂವರೆ ಗಂಟೆಗಳನ್ನು ಮೀಸಲಿಡಬೇಕು; ನಡಿಗೆಯ ಹೊತ್ತು ಬೇರೆ. ಹೀಗೆ ಹಾಳೆಯಲ್ಲಿ ಕಂಡ ಲೆಕ್ಕವನ್ನು ಕಾಲಿನಲ್ಲಿ ಕಂಡ ಸತ್ಯದೊಡನೆ ನಾಲ್ಕೈದು ಸಲ ಹೋಲಿಸಿದವನಿಗೆ ದೂರದ ಬೆಟ್ಟವು ಇನ್ನು ನುಣ್ಣಗೆ ಕಾಣದು. ಇದ್ದದ್ದು ಇದ್ದ ಹಾಗೆಯೇ ಕಾಣುತ್ತದೆ.